ಗ್ನುಕ್ಯಾಶ್ ಬಿಟ್ಟು ಟೆಕ್ಸ್ಟ್ ಫೈಲಿಗೆ: ಎಚ್‌ಲೆಡ್ಜರ್ ಸಾಕಾ, ಬೀನ್‌ಕೌಂಟ್ ಬೇಕಾ?

ಗ್ನುಕ್ಯಾಶ್ ಅನ್ನೋ ಲೆಕ್ಕದ ತಂತ್ರಾಂಶದಲ್ಲಿರುವ ಲೆಕ್ಕವನ್ನು ಸಾದಾ ಟೆಕ್ಸ್ಟ್ ಫೈಲಿಗೆ ಸಾಗಿಸಬೇಕೆಂದರೆ, ಅಂಥ ಫೈಲನ್ನು ಓದಿ ಲೆಕ್ಕ ತೋರಿಸುವ ತಂತ್ರಾಂಶಗಳು ಎಚ್‌ಲೆಡ್ಜರ್ ಮತ್ತು ಬೀನ್‌ಕೌಂಟ್. ಎರಡೂ ಉಚಿತ, ಹಾಗಾಗಿ ದುಡ್ಡಿನ ಮಾತು ಬೇಡ. ನೋಡಬೇಕಾದ್ದು ಡೇಟಾ ಸಾಗಿಸುವ ಕಷ್ಟ.

ಎಚ್‌ಲೆಡ್ಜರ್ ಸಿಎಸ್‌ವಿಯನ್ನು (ಅಲ್ಪವಿರಾಮ ಹಾಕಿ ಬೇರ್ಪಡಿಸಿದ ಪಟ್ಟಿಯ ಫೈಲ್) ನೇರವಾಗಿ ಓದುತ್ತದೆ, ಯಾವ ಕಾಲಂ ಏನು ಅಂತ ಹೇಳುವ ರೂಲ್ಸ್ ಫೈಲ್ ಒಂದು ಬರೆದುಕೊಂಡರೆ ಆಯಿತು. ಆದರೆ ಒಂದು ಸಾಲು ಅಂದರೆ ಅದಕ್ಕೆ ಒಂದು ವ್ಯವಹಾರ. ಒಂದೇ ಬಿಲ್ಲನ್ನು ದಿನಸಿ, ಔಷಧಿ ಅಂತ ಹಂಚಿದ್ದರೆ ಗ್ನುಕ್ಯಾಶ್ ಅದನ್ನು ಹಲವು ಸಾಲುಗಳಲ್ಲಿ ಕೊಡುತ್ತದೆ, ಅಲ್ಲಿ ಎಡವಟ್ಟಾಗುತ್ತದೆ. ಅಂಥ ಲೆಕ್ಕ ಜಾಸ್ತಿ ಇದ್ದರೆ ಸಿಎಸ್‌ವಿ ಬಿಡಿ. ಗ್ನುಕ್ಯಾಶ್ ಫೈಲನ್ನು ಎಸ್‌ಕ್ಯೂಲೈಟ್ ಅನ್ನೋ ಡೇಟಾಬೇಸ್ ರೂಪದಲ್ಲಿ ಸೇವ್ ಮಾಡಿ, ಪೈಕ್ಯಾಶ್ ಅನ್ನೋ ಪೈಥಾನ್ ಲೈಬ್ರರಿಯಿಂದ ಎಚ್‌ಲೆಡ್ಜರ್ ಓದಬಲ್ಲ ಲೆಡ್ಜರ್ ರೂಪಕ್ಕೆ ತೆಗೆಯಿರಿ, ಹಂಚಿಕೆ ಹಾಗೇ ಉಳಿಯುತ್ತದೆ.

ಬೀನ್‌ಕೌಂಟ್ ತುಂಬಾ ಕಟ್ಟುನಿಟ್ಟು. ಪ್ರತಿ ಖಾತೆಯನ್ನೂ ತಾರೀಖು ಹಾಕಿ ತೆರೆಯಬೇಕು, ಹೆಸರಿನಲ್ಲಿ ಖಾಲಿ ಜಾಗ ಇರಬಾರದು, ರೂಪಾಯಿ ಚಿಹ್ನೆ ನಡೆಯಲ್ಲ, ಐಎನ್‌ಆರ್ ಅಂತಲೇ ಬರೆಯಬೇಕು. ಹಳೇ ಹೆಸರುಗಳನ್ನೆಲ್ಲ ತಿದ್ದುವ ಕೆಲಸ ಬೇಜಾರಿನದೇ, ಆದರೆ ಖಾತೆಯ ಹೆಸರಲ್ಲಿ ಒಂದಕ್ಷರ ತಪ್ಪಿದರೂ ತಕ್ಷಣ ಹೇಳುತ್ತದೆ. ಎಚ್‌ಲೆಡ್ಜರ್‌ನಲ್ಲಿ ಆ ಕಟ್ಟುನಿಟ್ಟನ್ನು ನೀವೇ ಆನ್ ಮಾಡಬೇಕು.

ಷೇರು, ಮ್ಯೂಚುವಲ್ ಫಂಡ್ ಇದ್ದರೆ ನಾನಂತೂ ಬೀನ್‌ಕೌಂಟ್ ಅನ್ನುತ್ತೇನೆ: ಕೊಂಡ ಬೆಲೆ, ತಾರೀಖನ್ನು ಪ್ರತಿ ಖರೀದಿಗೂ ಇಟ್ಟುಕೊಳ್ಳುತ್ತದೆ, ಫಾವಾ ಅನ್ನೋ ಅದರ ಜೊತೆಗಾರ ತಂತ್ರಾಂಶದಿಂದ ಬ್ರೌಸರ್‌ನಲ್ಲೇ ಚಾರ್ಟ್ ನೋಡಬಹುದು. ಬರೀ ಸಂಬಳ, ಮನೆಖರ್ಚು, ಸಾಲದ ಕಂತು ಅಷ್ಟೇ ಅಲ್ವಾ? ಎಚ್‌ಲೆಡ್ಜರ್ ಸಾಕು. ಮುಂದೆ ಮನಸ್ಸು ಬದಲಾದರೆ ಅದರ ಪ್ರಿಂಟ್ ಕಮಾಂಡ್ ಬೀನ್‌ಕೌಂಟ್ ರೂಪದಲ್ಲೂ ಬರೆದುಕೊಡುತ್ತದೆ.

ಯಾವುದಕ್ಕೇ ಹೋಗಿ, ಪ್ರತಿ ವರ್ಷದ ಮಾರ್ಚ್ 31ರ ಬಾಕಿ ಎರಡೂ ಕಡೆ ತಾಳೆಯಾಗುವವರೆಗೆ ಹಳೇ ಫೈಲ್ ಅಳಿಸಬೇಡಿ.