ಮುಖ್ಯರಸ್ತೆಯ ಜಗಳದ ನಡುವೆ ಒಂದು ಸ್ಪ್ರಿಂಗ್ ಪೋಸ್ಟ್: ಬಳಸಿ ನೋಡಿದ ಮೇಲೆ

ಮಡಿಕೇರಿಯ ಮುಖ್ಯರಸ್ತೆಯಲ್ಲಿ ವಾಹನಗಳಿಗೆ ಬಿಟ್ಟಿರುವ ಅಗಲವನ್ನು ಕಡಿಮೆ ಮಾಡಿ ಆ ಜಾಗವನ್ನು ನಡೆಯುವವರಿಗೆ ಕೊಡಬೇಕೇ ಬೇಡವೇ ಎಂಬ ಮಾತು ಅಂಗಡಿಗಳ ಮುಂದೆ ಒಮ್ಮೆ ಶುರುವಾದರೆ ಬೇಗ ಮುಗಿಯುವುದಿಲ್ಲ. ಬೇಕು ಎನ್ನುವವರು ವಾರಾಂತ್ಯಗಳಲ್ಲಿ ನಡೆಯುವವರಿಗೇ ಬಿಟ್ಟು ನೋಡಿದ ಬೆಂಗಳೂರಿನ ಚರ್ಚ್ ಸ್ಟ್ರೀಟಿನ ಕಡೆ ಕೈ ತೋರಿಸುತ್ತಾರೆ. ಬೇಡ ಎನ್ನುವವರು ಶನಿವಾರ, ಭಾನುವಾರ ಬರುವ ಪ್ರವಾಸಿಗರ ಕಾರುಗಳ ಕಡೆಗೆ. ಈ ವಾದದಲ್ಲಿ ಎರಡೂ ಕಡೆಯವರು ಎತ್ತುವ ಒಂದು ವಸ್ತುವೆಂದರೆ ರಸ್ತೆಗೆ ಬೋಲ್ಟ್ ಹಾಕಿ ನಿಲ್ಲಿಸುವ, ವಾಹನ ತಾಗಿದರೆ ಬಾಗಿ ಮತ್ತೆ ಎದ್ದು ನಿಲ್ಲುವ ಕಿತ್ತಳೆ ಬಣ್ಣದ ಸ್ಪ್ರಿಂಗ್ ಪೋಸ್ಟ್. ಕಾಂಕ್ರೀಟು ಸುರಿಯುವ ಮೊದಲು ಇದನ್ನು ನೆಟ್ಟು ನೋಡೋಣ ಎಂದು ಒಬ್ಬರು ಹೇಳಿದರೆ, ಕೊಡಗಿನ ಒಂದು ಮಳೆಗಾಲಕ್ಕೂ ಅದು ತಡೆಯುವುದಿಲ್ಲ ಎಂದು ಮತ್ತೊಬ್ಬರು ಹೇಳುತ್ತಾರೆ. ಪಟ್ಟಣದ ಹೊರಗಿರುವ ನಮ್ಮ ಕಾಫಿ ಗೋದಾಮಿನ ಅಂಗಳದಲ್ಲಿ ಲಾರಿಗಳ ದಾರಿಯನ್ನೂ ಕೆಲಸದವರು ನಡೆಯುವ ದಾರಿಯನ್ನೂ ಬೇರ್ಪಡಿಸಲು ಇದೇ ಕಂಬಗಳನ್ನು ಹಾಕಿಸಿದ್ದು, ಅವು ಒಂದು ಕೊಯ್ಲಿನ ಕಾಲವನ್ನೂ ಒಂದು ಮಳೆಗಾಲವನ್ನೂ ಕಂಡಿರುವುದರಿಂದ ಅವುಗಳ ಗುಣದೋಷಗಳನ್ನು ಇಲ್ಲಿ ಬರೆಯುತ್ತಿದ್ದೇನೆ.

ಮಾರುಕಟ್ಟೆಯಲ್ಲಿ ಸಾಮಾನ್ಯವಾಗಿ ಸಿಗುವ ಕಂಬ 750 ಮಿಲಿಮೀಟರ್ ಎತ್ತರವಿರುತ್ತದೆ. ಮೇಲ್ಭಾಗಕ್ಕೆ ಬೆಳಕು ಬಿದ್ದರೆ ಹೊಳೆಯುವ ಪಟ್ಟಿಗಳಿದ್ದು, ಬುಡದ ಅಗಲವಾದ ತಳವನ್ನು ಬೋಲ್ಟುಗಳು ನೆಲಕ್ಕೆ ಹಿಡಿದಿಡುತ್ತವೆ. ನೋಡಲು ಎಲ್ಲವೂ ಒಂದೇ ರೀತಿ ಕಂಡರೂ ರಬ್ಬರಿನಂತೆ ಬಾಗುವ ಪಾಲಿಯುರೆಥೇನ್‌ನಿಂದ ಮಾಡಿದ ಕಂಬಕ್ಕೂ ಅಗ್ಗದ ಪ್ಲಾಸ್ಟಿಕ್ ಕಂಬಕ್ಕೂ ಅಜಗಜಾಂತರವಿದೆ. ನಾವು ಎರಡನ್ನೂ ತರಿಸಿದ್ದೆವು. ಚೆರಿ (ಒಣಗಿಸಿದ ಕಾಫಿ ಹಣ್ಣು) ಮೂಟೆ ತುಂಬಿದ ಲಾರಿಯ ಹಿಂದಿನ ಚಕ್ರ ಮೇಲೆ ಹತ್ತಿದಾಗ ಪಾಲಿಯುರೆಥೇನ್ ಕಂಬ ನೆಲಕ್ಕೆ ಮಲಗಿ, ಚಕ್ರ ದಾಟಿದ ಕೂಡಲೇ ಎದ್ದು ನಿಂತಿತು. ಮೈಮೇಲೆ ಟಯರಿನ ಕಪ್ಪು ಗುರುತು ಉಳಿಯಿತು, ಅಷ್ಟೆ. ಪ್ಲಾಸ್ಟಿಕ್ ಕಂಬವೂ ಎದ್ದಿತು, ಆದರೆ ಕತ್ತು ಓರೆಯಾಗಿ, ಮಡಿಕೆ ಬಿದ್ದ ಜಾಗದಲ್ಲಿ ಬಿಳಿಚಿಕೊಂಡು. ಬೇಸಿಗೆಯ ಬಿಸಿಲಿಗೆ ಆ ಬಿಳಿಚಿದ ಜಾಗವೇ ಸೀಳಿತು. ಬೆಲೆ ಕಡಿಮೆಯೆಂದು ಎರಡನೆಯದನ್ನು ಸಾರ್ವಜನಿಕ ರಸ್ತೆಗೆ ತಂದು ಹಾಕಿದರೆ, ವಿರೋಧಿಗಳ ಮಾತು ನಿಜವಾಗಲು ಹೆಚ್ಚು ದಿನ ಬೇಕಾಗುವುದಿಲ್ಲ.

ಕಂಬಕ್ಕಿಂತ ಹೆಚ್ಚು ಗಮನ ಕೊಡಬೇಕಾದದ್ದು ಬುಡಕ್ಕೆ. ಗೋದಾಮಿನ ಬಾಗಿಲ ಬಳಿ ಕಾಂಕ್ರೀಟು ನೆಲದಲ್ಲಿ ಕೊರೆದು ಹಾಕಿದ ಬೋಲ್ಟುಗಳು ಅಲುಗಾಡಲಿಲ್ಲ. ಗೇಟಿನ ಕಡೆ ಹಳೆಯ ಟಾರಿನಲ್ಲಿ ಹಾಕಿದವು ಆಟಿ ತಿಂಗಳ ಮಳೆಯ ಹೊತ್ತಿಗೆ ಸಡಿಲವಾದವು, ಏಕೆಂದರೆ ಬೋಲ್ಟಿನ ತೂತಿನಿಂದಲೇ ನೀರು ಇಳಿದು ಟಾರಿನ ಕೆಳಗಿನ ಜಲ್ಲಿಯನ್ನು ಕದಲಿಸಿತ್ತು. ಉದ್ದನೆಯ ಬೋಲ್ಟು ಹಾಕಿ, ತೂತಿಗೆ ಗಟ್ಟಿಯಾಗುವ ಎಪಾಕ್ಸಿ ಅಂಟು ತುಂಬಿದ ನಂತರ ಆ ತೊಂದರೆ ಕಾಣಲಿಲ್ಲ. ಇನ್ನೊಂದು ತೊಂದರೆ ನಮ್ಮ ಊರಿನದೇ: ಮಳೆಗಾಲದಲ್ಲಿ ಚಕ್ರಗಳು ಚಿಮ್ಮಿಸುವ ಕೆಂಪು ಕೆಸರು ಹೊಳೆಯುವ ಪಟ್ಟಿಯನ್ನು ಮುಚ್ಚಿಬಿಡುತ್ತದೆ, ಒರೆಸದೆ ಬಿಟ್ಟರೆ ಅದರ ಮೇಲೆ ಪಾಚಿ ಹಿಡಿಯುತ್ತದೆ. ಮಂಜು ಕವಿದ ಸಂಜೆಯಲ್ಲಿ ಹೊಳೆಯದ ಕಂಬ ಇದ್ದೂ ಇಲ್ಲದಂತೆ. ಆದ್ದರಿಂದ ಕಂಬದ ಬೆಲೆಯ ಜೊತೆಗೆ ಅದನ್ನು ಆಗಾಗ ಒರೆಸುವವರ ಕೂಲಿಯನ್ನೂ ಲೆಕ್ಕಕ್ಕೆ ಸೇರಿಸಬೇಕು.

ಇನ್ನು ಇದು ಮುಖ್ಯರಸ್ತೆಗೆ ಒಗ್ಗುತ್ತದೆಯೇ ಎಂಬುದು. ದೇಶದ ರಸ್ತೆಗಳಿಗೆ ಮಾನದಂಡ ರೂಪಿಸುವ ಸಂಸ್ಥೆಯಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾರ್ಗಸೂಚಿಯಂತೆ ಪಾದಚಾರಿ ಮಾರ್ಗದಲ್ಲಿ ಅಡೆತಡೆಯಿಲ್ಲದ ಜಾಗ ಕನಿಷ್ಠ 1.8 ಮೀಟರ್ ಇರಬೇಕು. ಶುಕ್ರವಾರದ ಸಂತೆಯಿಂದ ಎರಡು ಕೈಯಲ್ಲೂ ಚೀಲ ಹಿಡಿದು, ಮಳೆಯಿದ್ದರೆ ಕೊಡೆಯನ್ನೂ ಹಿಡಿದು ಬರುವವರನ್ನು ನೋಡಿದರೆ ಆ ಅಳತೆ ಹೆಚ್ಚಲ್ಲ ಎಂದು ಯಾರಿಗಾದರೂ ಅನ್ನಿಸುತ್ತದೆ. ಮತ್ತೊಂದು ಕಡೆ, ಮೋಟಾರು ವಾಹನ ನಿಯಮಗಳು ಬಸ್ಸಿಗೆ 2.6 ಮೀಟರ್‌ವರೆಗೆ ಅಗಲವನ್ನು ಅನುಮತಿಸುತ್ತವೆ. ಎರಡು ಬಸ್ಸುಗಳು ಎದುರುಬದುರಾದರೆ ಕನ್ನಡಿಗಳ ಜಾಗ ಬಿಟ್ಟು 5.2 ಮೀಟರ್ ಬೇಕು, ತಿರುವಿನಲ್ಲಿ ಇನ್ನೂ ಹೆಚ್ಚು. ಚರ್ಚ್ ಸ್ಟ್ರೀಟಿನ ಉದಾಹರಣೆ ನನಗೆ ಪೂರ್ತಿ ಒಪ್ಪಿಗೆಯಾಗದಿರುವುದು ಇಲ್ಲಿಯೇ. ಅಲ್ಲಿ 2020ರ ನವೆಂಬರಿನಿಂದ 2021ರ ಫೆಬ್ರವರಿಯವರೆಗೆ ವಾರಾಂತ್ಯಗಳಲ್ಲಿ ವಾಹನಗಳನ್ನೇ ನಿಲ್ಲಿಸಿ ನೋಡಿದರು, ಆದರೆ ಪಕ್ಕದಲ್ಲಿಯೇ ಸಮಾನಾಂತರವಾಗಿ ಮಹಾತ್ಮ ಗಾಂಧಿ ರಸ್ತೆಯಿದೆ. ಮೈಸೂರಿನಿಂದ ಬಂಟ್ವಾಳದ ಕಡೆಗೆ ಹೋಗುವ 275ನೇ ರಾಷ್ಟ್ರೀಯ ಹೆದ್ದಾರಿಯೇ ಹಾದುಹೋಗುವ ಗುಡ್ಡದ ಊರಿನಲ್ಲಿ ಅಂಥ ಇನ್ನೊಂದು ದಾರಿಯನ್ನು ಎಲ್ಲಿಂದ ತರುವುದು? ಅಮೆರಿಕದ ಫೆಡರಲ್ ಹೆದ್ದಾರಿ ಇಲಾಖೆ ನಾಲ್ಕು ಸಾಲಿನ ರಸ್ತೆಯನ್ನು ಮೂರು ಸಾಲಿಗೆ ಇಳಿಸಿದ ಕಡೆ ಅಪಘಾತಗಳು ಶೇ. 19ರಿಂದ 47ರಷ್ಟು ಕಡಿಮೆಯಾದವೆಂದು ಹೇಳುತ್ತದೆ. ನಮ್ಮಲ್ಲಿ ಕಡಿಮೆ ಮಾಡಲು ನಾಲ್ಕು ಸಾಲುಗಳೇ ಇಲ್ಲ.

ಹಾಗೆಂದು ನಾನು ವಿರೋಧಿಗಳ ಪಕ್ಷದವನಲ್ಲ. ಪೇಟೆಯೊಳಗೆ ರಸ್ತೆಯ ಅಂಚಿನಲ್ಲಿ ಕಾರುಗಳು ನಿಂತಾಗಲೇ ಒಂದು ಸಾಲು ಹೋಗಿರುತ್ತದೆ. ಕಂಬ ನೆಟ್ಟರೆ ನಾವು ಕಳೆದುಕೊಳ್ಳುವುದು ಓಡಾಡುವ ವಾಹನದ ಜಾಗವನ್ನಲ್ಲ, ನಿಂತ ವಾಹನದ ಜಾಗವನ್ನು. ವ್ಯಾಪಾರಿಗಳ ನಿಜವಾದ ಆತಂಕವೂ ಅದೇ, ಮತ್ತು ಅದು ನ್ಯಾಯವಾದದ್ದು: ಐವತ್ತು ಕೆ.ಜಿ. ಅಕ್ಕಿಯನ್ನೋ ಗೊಬ್ಬರವನ್ನೋ ಕೊಂಡವರು ಪಿಕಪ್ಪನ್ನು ಅಂಗಡಿಯ ಮುಂದೆ ತರಲೇಬೇಕು. ಇದಕ್ಕೆ ಉತ್ತರವೆಂದರೆ ಕಂಬಗಳ ನಡುವೆ ಸರಕು ಇಳಿಸುವ ಜಾಗಗಳನ್ನು ಬಿಡುವುದು, ಆ ಜಾಗ ತಪ್ಪಾಗಿದ್ದರೆ ಮಾರನೆಯ ವಾರ ಕಂಬವನ್ನು ಕಿತ್ತು ಆಚೆ ಹಾಕುವುದು. ಕಲ್ಲಿನ ಕಟ್ಟೆಯಾದರೆ ಅದಕ್ಕೆ ಹೊಸ ಟೆಂಡರು ಬೇಕು. ಇದಕ್ಕೆ ಒಂದು ಸ್ಪ್ಯಾನರು ಸಾಕು.

ದಸರೆಯ ವಿಷಯದಲ್ಲಂತೂ ಈ ಗುಣ ದೊಡ್ಡದು. ವಿಜಯದಶಮಿಯ ರಾತ್ರಿ ದಶಮಂಟಪಗಳು, ಅಂದರೆ ಊರಿನ ಹತ್ತು ದೇವಸ್ಥಾನಗಳ ಅಲಂಕೃತ ಮಂಟಪಗಳು, ಟ್ರಾಕ್ಟರುಗಳ ಮೇಲೆ ಊರಿನ ಬೀದಿಗಳಲ್ಲಿ ಸಾಗುವಾಗ ಇಂಚಿಂಚು ಜಾಗವೂ ಬೇಕು, ಆ ಜನಸಂದಣಿಯಲ್ಲಿ ಮೊಣಕಾಲಿಗೆ ತಾಗುವ ಯಾವ ವಸ್ತುವೂ ಇರಬಾರದು. ನಮ್ಮ ಅಂಗಳದ ಕಂಬಗಳನ್ನು ಬೋಲ್ಟು ಬಿಚ್ಚಿ ಬದಿಗಿಡುವುದು ಇಬ್ಬರು ಹುಡುಗರಿಗೆ ಹೆಚ್ಚು ಹೊತ್ತಿನ ಕೆಲಸವೇನೂ ಆಗಲಿಲ್ಲ. ಆದರೆ ಬಿಟ್ಟ ತೂತುಗಳನ್ನು ಕೂಡಲೇ ಮುಚ್ಚಬೇಕು, ಇಲ್ಲದಿದ್ದರೆ ಮಣ್ಣು ತುಂಬಿ ಬೋಲ್ಟು ಮತ್ತೆ ಕೂರುವುದಿಲ್ಲ.

ಇದರಿಂದ ಆಗದ ಕೆಲಸವನ್ನೂ ಹೇಳಬೇಕು. ಬಾಗುವ ಕಂಬ ಯಾರನ್ನೂ ಕಾಯುವುದಿಲ್ಲ; ಬ್ರೇಕು ತಪ್ಪಿದ ಜೀಪನ್ನು ಅದು ತಡೆಯಲಾರದು. ಆಂಬ್ಯುಲೆನ್ಸ್ ಅದರ ಮೇಲೆಯೇ ಹಾಯ್ದು ಹೋಗಬಹುದು ಎಂಬ ಅನುಕೂಲ ಹುಟ್ಟುವುದೂ ಇದೇ ಗುಣದಿಂದ. ಕಂಬಗಳ ಅಂತರ ಹೆಚ್ಚಾದರೆ ನಡುವೆ ಸ್ಕೂಟರು ನುಗ್ಗಿ ನಿಲ್ಲುತ್ತದೆ, ನಮ್ಮ ಅಂಗಳದಲ್ಲೇ ಅದನ್ನು ತಡೆಯಲು ನಡುವೆ ಇನ್ನಷ್ಟು ಕಂಬ ಹಾಕಿಸಬೇಕಾಯಿತು. ಹಾಗಾಗಿ ಇದನ್ನು ಶಾಶ್ವತ ಪಾದಚಾರಿ ಮಾರ್ಗವೆಂದು ಯಾರಾದರೂ ತೋರಿಸಿದರೆ ಒಪ್ಪಬಾರದು. ಬಸ್ಸು ತಿರುಗುವ ಜಾಗದಲ್ಲಿ ಹಾಕಲೇಬಾರದು. ನೇರ ರಸ್ತೆಯ ಒಂದು ಬದಿಯಲ್ಲಿ, ಶಾಲೆ ಮತ್ತು ಬಸ್ ನಿಲ್ದಾಣದ ನಡುವೆ, ಒಂದು ಪ್ರವಾಸಿ ಕಾಲವೂ ಒಂದು ಮಳೆಗಾಲವೂ ಸೇರುವಷ್ಟು ಅವಧಿಗೆ ಪಾಲಿಯುರೆಥೇನ್ ಕಂಬಗಳನ್ನೇ ಹಾಕಿಸುವುದಾದರೆ ಕೊಟ್ಟ ಹಣಕ್ಕೆ ಮೋಸವಿಲ್ಲ. ಕೊಳ್ಳುವವರು ಉದ್ದನೆಯ ಬೋಲ್ಟುಗಳನ್ನೂ ತೂತು ಮುಚ್ಚುವ ಬಿರಡೆಗಳನ್ನೂ ಆರ್ಡರಿನಲ್ಲಿಯೇ ಬರೆಸಿಕೊಳ್ಳಲಿ. ನಮಗೆ ಬಂದ ಪೆಟ್ಟಿಗೆಯಲ್ಲಿ ಗಿಡ್ಡ ಬೋಲ್ಟುಗಳಷ್ಟೇ ಇದ್ದವು.