ಬೈಕಿಗೆ ಯಾವ ಸೈಲೆನ್ಸರ್: ಕಂಪನಿಯದ್ದೇ, ಸ್ಲಿಪ್-ಆನ್, ಇಲ್ಲಾ ಫುಲ್ ಸಿಸ್ಟಮ್?

ಸೌಂಡ್ ಜೋರಾದರೆ ಪವರ್ ಜಾಸ್ತಿ ಅಂತ ಎಷ್ಟೋ ಜನ ನಂಬಿದ್ದಾರೆ. ಅದು ನಿಜವಲ್ಲ.

ಕಂಪನಿ ಸೈಲೆನ್ಸರ್ ಒಳಗೆ ಸಾಮಾನ್ಯವಾಗಿ ಹಲವು ಕೋಣೆಗಳಿರುತ್ತವೆ. ಶಬ್ದದ ಅಲೆಗಳು ಅಲ್ಲಿ ಗೋಡೆಗೆ ಬಡಿದು ವಾಪಸ್ ಬಂದು ಒಂದನ್ನೊಂದು ಅಳಿಸುತ್ತವೆ. ತೂಕ ಜಾಸ್ತಿ, ಹೊಗೆಗೆ ಸ್ವಲ್ಪ ತಡೆಯೂ ಇದೆ. ಆದರೆ ಎಂಜಿನ್ ಟ್ಯೂನ್ ಆಗಿರುವುದೇ ಅದಕ್ಕೆ, ಅಲ್ವಾ?

ಸ್ಲಿಪ್-ಆನ್‌ನಲ್ಲಿ ಬದಲಾಗುವುದು ಕೊನೆಯ ಭಾಗ ಮಾತ್ರ. ಹೆಚ್ಚಿನವುಗಳಲ್ಲಿ ತೂತುಗಳಿರುವ ನೇರ ಕೊಳವೆ, ಅದರ ಸುತ್ತ ಗ್ಲಾಸ್ ವೂಲ್. ತೂಕ ಇಳಿಯುತ್ತದೆ, ದನಿ ಗಡುಸಾಗುತ್ತದೆ. ಪವರ್ ಮಾತ್ರ ಓಡಿಸುವಾಗ ಗೊತ್ತಾಗುವಷ್ಟು ಏರುವುದು ಅಪರೂಪ. ವೂಲ್ ಸುಟ್ಟುಹೋದಂತೆ ಶಬ್ದ ಹೆಚ್ಚುತ್ತದೆ, ಮತ್ತೆ ತುಂಬಿಸಬೇಕು.

ನಿಜವಾದ ಆಟ ಇರುವುದು ಫುಲ್ ಸಿಸ್ಟಮ್‌ನಲ್ಲಿ, ಅಂದರೆ ಎಂಜಿನ್‌ನಿಂದ ಕೊನೆಯವರೆಗಿನ ಇಡೀ ಪೈಪೇ ಬದಲಾದಾಗ. ಹೊಗೆ ಹೊರಬಿಡುವ ಎಕ್ಸಾಸ್ಟ್ ವಾಲ್ವ್ ತೆರೆದ ಕೂಡಲೇ ಒತ್ತಡದ ಅಲೆ ಪೈಪಿನಲ್ಲಿ ಓಡುತ್ತದೆ. ಪೈಪ್ ಅಗಲವಾಗುವ ಜಾಗದಿಂದ ಅದು ಕಡಿಮೆ ಒತ್ತಡದ ಅಲೆಯಾಗಿ ಹಿಂತಿರುಗುತ್ತದೆ. ಈ ವಾಲ್ವ್ ಮತ್ತು ಗಾಳಿ ಒಳಬಿಡುವ ವಾಲ್ವ್ ಎರಡೂ ತೆರೆದಿರುವ ಕ್ಷಣಕ್ಕೇ ಅದು ಬಂದು ಮುಟ್ಟಿದರೆ, ಉಳಿದ ಹೊಗೆಯನ್ನು ಎಳೆದು ಹೊಸ ಗಾಳಿಗೆ ಜಾಗ ಮಾಡುತ್ತದೆ. ಉದ್ದ ಪೈಪಿನಲ್ಲಿ ಈ ಲಾಭ ಕಡಿಮೆ ಆರ್‌ಪಿಎಂಗೆ, ಗಿಡ್ಡ ಪೈಪಿನಲ್ಲಿ ಹೆಚ್ಚಿನ ಆರ್‌ಪಿಎಂಗೆ. ಪೈಪ್ ತೀರಾ ದಪ್ಪವಾದರೆ ಹೊಗೆಯ ವೇಗ ಇಳಿದು, ನಿಧಾನ ಓಟದಲ್ಲಿ ಎಳೆತ ಸೊರಗುತ್ತದೆ. ಫ್ಯೂಯಲ್ ಮ್ಯಾಪ್ (ಯಾವಾಗ ಎಷ್ಟು ಪೆಟ್ರೋಲ್ ಬಿಡಬೇಕೆಂಬ ಸೆಟ್ಟಿಂಗ್) ಸರಿಮಾಡಿಸದಿದ್ದರೆ ಮಿಶ್ರಣದಲ್ಲಿ ಪೆಟ್ರೋಲ್ ಕಮ್ಮಿಯಾಗಿ ಎಂಜಿನ್ ಬಿಸಿಯೇರಬಹುದು.

ದಿನದ ಓಡಾಟಕ್ಕೆ ಕಂಪನಿಯದ್ದೇ ಇರಲಿ. ತೂಕ, ದನಿ ಮುಖ್ಯವಾದರೆ ಡಿಬಿ ಕಿಲ್ಲರ್ (ಶಬ್ದ ತಗ್ಗಿಸಲು ಬಾಯಿಗೆ ಕೂರಿಸುವ ತುಂಡು) ಇರುವ ಸ್ಲಿಪ್-ಆನ್ ಸಾಕು. ರೇಸ್ ಟ್ರ್ಯಾಕಿಗೆ ಫುಲ್ ಸಿಸ್ಟಮ್, ಜೊತೆಗೆ ಟ್ಯೂನಿಂಗ್. ಸುಮ್ನೆ ಸೈಲೆನ್ಸರ್ ಒಳಗೆ ಶಬ್ದ ತಡೆಯುವ ಬ್ಯಾಫಲ್ ಕಿತ್ತು ಓಡಿಸುವುದು ಮಾತ್ರ ಬೇಡ. 10 ಡೆಸಿಬೆಲ್ ಏರಿದರೂ ಕಿವಿಗೆ ಶಬ್ದ ಸುಮಾರು ಎರಡು ಪಟ್ಟು ಕೇಳಿಸುತ್ತದೆ.