ದೀಪಾವಳಿಗೆ ಪುಣೆಯಿಂದ ಹುಬ್ಬಳ್ಳಿಗೆ: ಟ್ರೇಲರೋ, ಟೆಂಪೋ ಟ್ರಾವೆಲರೋ?

ಅಜ್ಜ-ಅಜ್ಜಿ, ಮಕ್ಕಳು ಸೇರಿ ಹತ್ತು ಮಂದಿ ಇದ್ದರೆ ಟೆಂಪೋ ಟ್ರಾವೆಲರೇ ಸರಿ. ಹರಟುತ್ತಾ ಸಾತಾರಾ, ಕೊಲ್ಹಾಪುರ, ಬೆಳಗಾವಿ ದಾಟಬಹುದು. ಗಾಡಿ ತಯಾರಿಯೆಲ್ಲ ಡ್ರೈವರ್ ತಲೆನೋವು.

ಇನ್ನು ಟ್ರೇಲರ್ ಅಂದರೆ ಕಾರಿನ ಹಿಂದೆ ಎಳೆಯುವ, ಮಲಗಲು ಜಾಗವಿರುವ ಪುಟ್ಟ ಗಾಲಿಮನೆ. ಅದು ಓಡುವಾಗ ಒಳಗೆ ಯಾರೂ ಕೂರಬಾರದು. ಆದರೆ ಊರಿನ ಮನೆ ನೆಂಟರಿಂದ ತುಂಬಿರುವಾಗ ಅಂಗಳದಲ್ಲೇ ಇನ್ನೊಂದು ಕೋಣೆ ಸಿಗುತ್ತದೆ, ಅಲ್ವಾ? ಕೆಲಸ ಮಾತ್ರ ಜಾಸ್ತಿ. ಎರಡು ದಿನದ ರಜೆಗೆ ಸುಮ್ನೆ ರಗಳೆ. ವಾರವಿದ್ದರೆ ನನ್ನ ಓಟು ಇದಕ್ಕೇ.

ಟ್ರೇಲರ್ ಒಯ್ಯುವುದಾದರೆ ಮೊದಲು ಅದರ ಟೈರ್ ನೋಡಿ. ಬಹಳ ಕಾಲ ನಿಂತ ಟೈರಿನ ಪಕ್ಕದಲ್ಲಿ ಬಿರುಕು ಬಿಡುತ್ತದೆ. ಗ್ರಿಪ್ ಚೆನ್ನಾಗಿದ್ದರೂ ಬದಲಿಸಿ. ಬ್ರೇಕ್ ಲೈಟು, ಕೊಂಡಿಯ ಸರಪಳಿ ನೋಡಿ. ಒಳಗಿನ ಒಲೆಯ ಗ್ಯಾಸ್ ಬಂದ್ ಮಾಡಿ. ಚಕ್ಕುಲಿ ಡಬ್ಬಿ ಎಲ್ಲಿಟ್ಟರೂ ನಡೆಯುತ್ತದೆ. ಅಕ್ಕಿ ಮೂಟೆ ಮಾತ್ರ ಚಕ್ರದ ಆಕ್ಸಲ್‌ಗಿಂತ ತುಸು ಮುಂದಿರಲಿ. ಹಿಂದೆ ಭಾರ ಹೆಚ್ಚಾದರೆ ಘಾಟ್ ಇಳಿಯುವಾಗ ಟ್ರೇಲರ್ ಅತ್ತಿತ್ತ ಓಲಾಡುತ್ತದೆ.